ಕಪ್ಪು ಕೋಟಿನ ಕಾರ್ಬನ್ ಪ್ರಿಂಟ್

“ಆ ಎರಡು ಸಾಲು ಬರೆದವರು ಯಾರು?”

ಪತ್ರಿಕಾ ಕಚೇರಿಯಲ್ಲಿ ಕೀಬೋರ್ಡುಗಳ ಸದ್ದು ಒಮ್ಮೆಲೇ ನಿಂತಿತು. ಬಾಗಿಲಲ್ಲಿ ಒಬ್ಬ ಯುವತಿ. ಎದೆಗವಚಿಕೊಂಡ ಚಪ್ಪಟೆ ರಟ್ಟಿನ ಪೆಟ್ಟಿಗೆ, ಮೂಗಿನ ತುದಿಯಲ್ಲೇ ಸಿಟ್ಟು.

ಎಲ್ಲರ ಕಣ್ಣೂ ಮೂಲೆಯ ಮೇಜಿನತ್ತ ಹೊರಳಿತು. ಅಲ್ಲಿ ಕುಳಿತಿದ್ದ ಕಲಾ ವಿಮರ್ಶಕನಿಗೆ ತಪ್ಪಿಸಿಕೊಳ್ಳಲು ದಾರಿಯೇ ಇರಲಿಲ್ಲ.

“ನಾನೇ. ಯಾವ ಎರಡು ಸಾಲು?”

“‘ಕತ್ತಲೆಯಲ್ಲಿ ಕಪ್ಪು ಕೋಟು ಹುಡುಕುವ ಕೆಲಸವನ್ನು ಛಾಯಾಗ್ರಾಹಕಿ ನಮಗೇ ಬಿಟ್ಟಿದ್ದಾರೆ.’ ನನ್ನ ಚಿತ್ರ ಎಲ್ಲಿ ನೋಡಿದ್ರಿ?”

“ನಿಮ್ಮ ವೆಬ್‌ಸೈಟಲ್ಲಿ.”

“ಫೋನಲ್ಲಿ?”

ಅವನು ಮೇಜಿನ ಮೇಲಿದ್ದ ಫೋನನ್ನು ನೋಡಿದ. ಅದು ಅವನ ಸಹಾಯಕ್ಕೆ ಬರಲಿಲ್ಲ.

“ಅದು ಕಾರ್ಬನ್ ಪ್ರಿಂಟ್ ರೀ. ಕಾರ್ಬನ್ ಪ್ರಿಂಟ್ ಅಂದ್ರೆ ಏನಂತ ಗೊತ್ತಾ?”

“ಕಾರ್ಬನ್ ಕಾಪಿ ಥರ…”

ಹಿಂದಿನ ಸಾಲಲ್ಲಿ ಯಾರೋ ಕಿಸಕ್ಕೆಂದರು. ಅವಳು ನಗಲಿಲ್ಲ. ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ತೆರೆದಳು. ಟ್ಯೂಬ್‌ಲೈಟಿನ ಕೆಳಗೆ ಅವನಿಗೆ ಮತ್ತೆ ಕಂಡದ್ದು ಕಪ್ಪೇ. “ಇಲ್ಲಿ ಬೇಡ, ಬನ್ನಿ,” ಎಂದು ಕಿಟಕಿಯ ಬಳಿ ಕರೆದೊಯ್ದು, ಚಿತ್ರವನ್ನು ಬೆಳಕಿಗೆ ಓರೆಯಾಗಿ ಹಿಡಿದಳು.

ಕಪ್ಪಿನೊಳಗಿಂದ ಕೋಟೊಂದು ಎದ್ದು ಬಂತು.

ದರ್ಜಿಯ ಬೊಂಬೆಗೆ ತೊಡಿಸಿದ್ದ ಉಣ್ಣೆಯ ಕೋಟು. ಇನ್ನೂ ಬಿಚ್ಚದ ಕಚ್ಚಾ ಹೊಲಿಗೆ. ಕಾಲರಿನ ಮಡಿಕೆ, ಆ ಮಡಿಕೆಯೊಳಗೆ ಇನ್ನೂ ಗಾಢವಾದೊಂದು ನೆರಳು, ಆ ನೆರಳಿನಲ್ಲೂ ಬಿಡಿಬಿಡಿಯಾಗಿ ಕಾಣುವ ಎಳೆಗಳು. ಕಪ್ಪು ಹೆಚ್ಚಿದ್ದಲ್ಲೆಲ್ಲ ಕಾಗದದ ಮೇಲೆ ಅದು ತುಸು ಉಬ್ಬಿಕೊಂಡು ಹೊಳೆಯುತ್ತಿತ್ತು. ಬಿಳುಪಿದ್ದಲ್ಲಿ ಬರೀ ಕಾಗದ. ಅರಿವಿಲ್ಲದೆ ಅವನ ಬೆರಳು ಮುಂದೆ ಚಾಚಿತು.

ಚಟೀರೆಂದು ಕೈಮೇಲೊಂದು ಏಟು ಬಿತ್ತು.

“ಮುಟ್ಟಬೇಡಿ!” ಎಂದವಳು ತಾನು ಮಾಡಿದ್ದು ತಿಳಿದು ಕೆಂಪಾದಳು. “ಅಯ್ಯೋ, ಸಾರಿ.”

“ಇರ್ಲಿ ಬಿಡಿ. ಬೀಳಬೇಕಾದ್ದೇ,” ಎಂದ ಅವನು, ಚಿತ್ರದಿಂದ ಕಣ್ಣು ತೆಗೆಯದೆ. “ಇದನ್ನ ಹೇಗೆ ಮಾಡ್ತೀರಿ? ನೋಡೋಕೆ ಬರಬಹುದಾ?”

ಜಗಳಕ್ಕೆಂದೇ ಸೊಂಟ ಕಟ್ಟಿಕೊಂಡು ಬಂದವಳಿಗೆ ಈಗ ಏನು ಮಾಡಬೇಕೆಂದೇ ತೋಚಲಿಲ್ಲ. ಸುಮ್ಮನೆ ವಿಳಾಸ ಹೇಳಿದಳು.

*

ಅವಳ ಕೆಲಸದ ಕೋಣೆ ಇದ್ದದ್ದು ಚಿಕ್ಕಮ್ಮನ ಹೊಲಿಗೆ ಅಂಗಡಿಯ ಮಹಡಿಯಲ್ಲಿ. ಅಂಗಡಿಯೊಳಗಿಂದಲೇ ಮೆಟ್ಟಿಲು. ಹೀಗಾಗಿ ಚಿಕ್ಕಮ್ಮನ ಕಣ್ಣು ತಪ್ಪಿಸಿ ಯಾರೂ ಮೇಲೆ ಹೋಗುವಂತಿರಲಿಲ್ಲ.

“ಓ, ನನ್ನ ಕೋಟು ಕಾಣದವರು ನೀವೇನಾ? ಬನ್ನಿ ಪೇಪರ್‌ನೋರೇ,” ಎಂದಳು ಚಿಕ್ಕಮ್ಮ, ತುಟಿಯಲ್ಲಿ ಕಚ್ಚಿದ್ದ ಗುಂಡುಸೂಜಿ ತೆಗೆದು. “ಮೆಟ್ಟಿಲಾದ್ರೂ ಕಾಣುತ್ತೆ ತಾನೆ?”

ಮೇಲೆ ಜೆಲಟಿನ್ ಅಂಟು ಕರಗುವ ಮಂದ ವಾಸನೆ. ಅದಕ್ಕೆ ಕಾರ್ಬನ್ನಿನ ನುಣ್ಣನೆಯ ಮಸಿ, ಒಂದಿಷ್ಟು ಸಕ್ಕರೆ ಕಲಸಿ ಹಾಳೆಗೆ ಬಳಿದು ಒಣಗಿಸುವುದು. ಬೆಳಕಿಗೆ ಸ್ಪಂದಿಸುವ ರಾಸಾಯನಿಕವನ್ನು ಅದಕ್ಕೆ ಕುಡಿಸಿ, ಕತ್ತಲಲ್ಲಿ ಮತ್ತೆ ಒಣಗಿಸಿ, ನೆಗೆಟಿವ್‌ನ ಅಡಿಯಿಟ್ಟು ಬೆಳಕು ತೋರಿಸುವುದು. ಬೆಳಕು ತಾಗಿದಲ್ಲಿ ಜೆಲಟಿನ್ ಗಟ್ಟಿಯಾಗುತ್ತದೆ, ಉಳಿದದ್ದು ಬಿಸಿನೀರಲ್ಲಿ ಕರಗಿ ಹೋಗುತ್ತದೆ. ಅವಳು ಹೇಳುತ್ತ ಹೋದಳು, ಅವನು ಬರೆದುಕೊಳ್ಳುವುದನ್ನೂ ಮರೆತು ಕೇಳುತ್ತ ನಿಂತ.

“ಈಗ ಉಸಿರು ಬಿಗಿಹಿಡೀರಿ,” ಎಂದಳು.

ಮಸಿಯ ಹಾಳೆಯನ್ನು ಬಿಳಿ ಕಾಗದಕ್ಕೆ ಒತ್ತಿ ಅಂಟಿಸಿದ್ದ ಜೋಡಿ ಬಿಸಿನೀರಿನ ತಟ್ಟೆಯಲ್ಲಿ ಮುಳುಗಿತ್ತು. ಅಂಚಿನಿಂದ ಕಪ್ಪು ಹೊಗೆಯಂತೆ ಮಸಿ ಜಿನುಗತೊಡಗಿತು. ಅವಳು ಒಂದು ಮೂಲೆಯನ್ನು ಉಗುರಿನಿಂದ ಎತ್ತಿ ಮೇಲಿನ ಹಾಳೆಯನ್ನು ಮೆಲ್ಲಗೆ ಸುಲಿದಳು. ಉಳಿದದ್ದು ಕಪ್ಪು ರಾಡಿ.

“ಹಾಳಾಯ್ತಾ?”

“ಶ್!”

ಅಂಗೈಯಲ್ಲಿ ನೀರೆತ್ತಿ ಸುರಿದಳು. ಮತ್ತೆ ಮತ್ತೆ ಸುರಿದಳು. ರಾಡಿ ಕರಗಿತು. ಮೊದಲೊಂದು ಹಣೆ ಕಂಡಿತು, ಆಮೇಲೆ ಕನ್ನಡಕ, ಆಮೇಲೆ ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡ ಚಿಕ್ಕಮ್ಮನ ಪೂರಾ ಮುಖ.

“ನೀವೂ ಸುರೀರಿ,” ಎಂದಳು. ಅವನು ತೋಳು ಮಡಚಿ ಕೈ ಇಳಿಸಿದ. ಬೆಚ್ಚಗಿನ ಕಪ್ಪು ನೀರಿನೊಳಗೆ ಅವನ ಕೈ ಅವಳ ಕೈಗೆ ತಾಗಿತು. ಅವನು ಸರಿಸಲಿಲ್ಲ, ಅವಳೂ ಸರಿಸಲಿಲ್ಲ. ಇಬ್ಬರೂ ಮುಖ ತಗ್ಗಿಸಿ ಚಿಕ್ಕಮ್ಮನನ್ನೇ ನೋಡುತ್ತಿದ್ದರು, ಅಲ್ಲಿ ನೋಡುವಂಥದ್ದು ಇನ್ನೂ ಬೇಕಾದಷ್ಟಿದೆ ಎಂಬಂತೆ.

“ಏನೇ ಅದು, ಸದ್ದೇ ಇಲ್ಲ?” ಕೆಳಗಿನಿಂದ ದನಿ ಬಂತು.

“ನಿಮ್ಮನ್ನ ತೊಳೀತಿದೀವಿ ಚಿಕ್ಕಮ್ಮ!” ಎಂದ ಅವನು. ಆ ಚಿಕ್ಕಮ್ಮ ತನಗೆ ಯಾವಾಗ ಚಿಕ್ಕಮ್ಮನಾದಳೋ ಅವನಿಗೇ ತಿಳಿಯಲಿಲ್ಲ.

ಆ ವಾರದ ಅಂಕಣದಲ್ಲಿ ಅವನು ತನ್ನ ಮಾತನ್ನು ಹಿಂತೆಗೆದುಕೊಂಡ. ಕಾರ್ಬನ್ ಪ್ರಿಂಟನ್ನು ನೋಡುವುದೆಂದರೆ ಎದುರು ನಿಲ್ಲುವುದಲ್ಲ, ಅದರ ಸುತ್ತ ಸುಳಿಯುವುದು ಎಂದು ಬರೆದ. ಆಮೇಲೆ ಬರೆಯಲು ಏನೂ ಇಲ್ಲದಿದ್ದರೂ ಬರುತ್ತಲೇ ಇದ್ದ. ಅವನ ಶರ್ಟಿನ ತೋಳುಗಳಲ್ಲಿ ಮಸಿಯ ಕಲೆ ಕಾಯಂ ಆಯಿತು. ಅವನು ಬರುವ ದಿನ ತಾನು ಎರಡೆರಡು ಸಲ ತಲೆ ಬಾಚುವುದನ್ನು ಅವಳೂ ಗಮನಿಸಿದಳು. ಚಿಕ್ಕಮ್ಮನಂತೂ ಅವಳಿಗಿಂತ ಮೊದಲೇ ಗಮನಿಸಿದ್ದಳು.

*

ಅಷ್ಟರಲ್ಲಿ ಊರಿನ ಮ್ಯೂಸಿಯಂನಿಂದ ಕರೆ ಬಂತು. ಶಾಶ್ವತ ಸಂಗ್ರಹಕ್ಕೆ ಒಂದೇ ಒಂದು ಛಾಯಾಚಿತ್ರ ಆರಿಸುತ್ತಾರಂತೆ, ಕೊನೆಯ ಸುತ್ತಿನಲ್ಲಿ ಅವಳ ಕಪ್ಪು ಕೋಟೂ ಇದೆಯಂತೆ. ತೀರ್ಪುಗಾರರು ಮೂವರು: ಮ್ಯೂಸಿಯಂನ ನಿರ್ದೇಶಕಿ, ನಿವೃತ್ತ ಪ್ರೊಫೆಸರ್ ಒಬ್ಬರು, ಮತ್ತೆ ಇವನು.

“ಹಾಗಾದ್ರೆ ಒಂದು ಓಟು ಗ್ಯಾರಂಟಿ!” ಎಂದು ಅವಳು ಕುಣಿದಾಡಿದಳು.

ಅವನು ನಕ್ಕ. ಆದರೆ ನಗು ಕಣ್ಣಿನವರೆಗೆ ಬರಲಿಲ್ಲ. ಮಡಚಿದ್ದ ಶರ್ಟಿನ ತೋಳು ಇಳಿಸಿಕೊಂಡು ಬೇಗನೆ ಮೆಟ್ಟಿಲಿಳಿದು ಹೋದ.

ಮರುದಿನ ಸುದ್ದಿ ತಿಳಿಯಿತು. ಅವನು ಸಮಿತಿಯಿಂದ ಹಿಂದೆ ಸರಿದಿದ್ದ.

ಅವಳು ದಡದಡನೆ ಮೆಟ್ಟಿಲಿಳಿದು ಅಂಗಡಿಗೆ ಬಂದಳು. “ನೋಡಿದ್ಯಾ ಚಿಕ್ಕಮ್ಮ? ನನ್ನ ಮುಂದೆ ಹೊಗಳೋದು, ನಾಲ್ಕು ಜನರ ಮುಂದೆ ಕೈ ಎತ್ತಬೇಕಾದಾಗ ಜಾರಿಕೊಳ್ಳೋದು.”

“ಯಾಕೆ ಅಂತ ಕೇಳಿದ್ಯಾ?”

“ಕೇಳೋದೇನಿದೆ?”

“ಅವನು ನೋಡದೇ ಬರೆದ ಅಂತ ಅವತ್ತು ನೀನು ಕುಣಿದಾಡಿದ್ದೆ. ನೀನೀಗ ಮಾಡ್ತಿರೋದೇನು?” ಎಂದು ಚಿಕ್ಕಮ್ಮ ಹೊಲಿಗೆ ಯಂತ್ರ ತುಳಿಯತೊಡಗಿದಳು.

ಅವನ ಫೋನು ಎಷ್ಟು ಸಲ ಬಂದರೂ ಅವಳು ತೆಗೆಯಲಿಲ್ಲ. ತೆಗೆಯದೆ ಇದ್ದದ್ದಕ್ಕೆ ಅತ್ತಳು ಕೂಡ.

*

ಆಯ್ಕೆಯ ದಿನ ಉದ್ದನೆಯ ಹಾಲಿನಲ್ಲಿ ಚಿತ್ರಗಳನ್ನು ಸಾಲಾಗಿ ಮೇಜಿನ ಮೇಲೆ ಮಲಗಿಸಿದ್ದರು. ಅವರವರ ಚಿತ್ರದ ಪಕ್ಕ ಅವರವರೇ ನಿಲ್ಲಬೇಕಿತ್ತು. ಪ್ರೊಫೆಸರ್ ಕಪ್ಪು ಕೋಟಿನ ಮುಂದೆ ನಿಂತು ಹುಬ್ಬೇರಿಸಿದರು.

“ಕೈಯೆಲ್ಲ ಮಸಿ ಮಾಡ್ಕೊಂಡು ಇಷ್ಟು ಕಷ್ಟ ಯಾಕಮ್ಮ? ಪ್ರಿಂಟರ್‌ಗೆ ಕೊಟ್ಟಿದ್ರೆ ಆಗ್ತಿರಲಿಲ್ವಾ?”

“ಕೊಟ್ಟಿದ್ದೆ ಸರ್,” ಎಂದಳು. ಚೀಲದಿಂದ ಅದೇ ನೆಗೆಟಿವ್‌ನ ಪ್ರಿಂಟರ್ ಪ್ರತಿ ತೆಗೆದು ಪಕ್ಕದಲ್ಲಿಟ್ಟಳು. “ಎರಡೂ ಇವೆ. ನಾನೇನೂ ಹೇಳಲ್ಲ, ನೀವೇ ನೋಡಿ.”

ಪ್ರೊಫೆಸರ್ ನೋಡಿದರು. ಬಗ್ಗಿ ನೋಡಿದರು. ಕನ್ನಡಕ ತೆಗೆದು, ಕೆನ್ನೆ ಮೇಜಿಗೆ ತಾಗುವಷ್ಟು ವಾಲಿ ನೋಡಿದರು. ಒಂದರಲ್ಲಿ ಕೋಟಿನ ಫೋಟೋ ಇತ್ತು. ಇನ್ನೊಂದರಲ್ಲಿ ಕೋಟೇ ಇತ್ತು.

“ಮೇಡಂ, ಇಲ್ಲಿ ಬನ್ನಿ,” ಎಂದರು. ಅವರ ದನಿ ಚಿಕ್ಕ ಹುಡುಗನ ದನಿಯಂತಾಗಿತ್ತು. “ಈ ಕಾಲರಿನ ಒಳಗೆ ನೋಡಿ. ಕಪ್ಪಿನೊಳಗೆ ಎಷ್ಟೊಂದು ಕಪ್ಪು!”

ನಿರ್ದೇಶಕಿ ಮೇಜಿಗೆ ಪೂರ್ತಿ ಒಂದು ಸುತ್ತು ಬಂದರು. “ಇದು ಮಾಸುತ್ತಾ?”

“ಮಸಿ ಮಾಸೋದಿಲ್ಲ ಮೇಡಂ. ಕಾಗದ ಇರೋವರೆಗೂ ಇದೂ ಇರುತ್ತೆ.”

“ಹಾಗಾದ್ರೆ ನಮ್ಮಲ್ಲೇ ಇರ್ಲಿ,” ಎಂದರು ನಿರ್ದೇಶಕಿ. ಪ್ರೊಫೆಸರ್ ಆಗಲೇ ಚಪ್ಪಾಳೆ ತಟ್ಟುತ್ತಿದ್ದರು. ಪಕ್ಕದ ಮೇಜುಗಳವರೂ ಬಂದು ಬಗ್ಗಿ ಬಗ್ಗಿ ನೋಡಿದರು, ಸೋತವರೂ ಸೇರಿ ತಟ್ಟಿದರು. ಅವಳ ಕಾಲು ನೆಲದ ಮೇಲಿರಲಿಲ್ಲ.

ಹೊರಗೆ ಓಡಿ ಬಂದರೆ ಕಾರಿಡಾರಿನಲ್ಲಿ ಅವನು.

“ಯಾಕೆ ಹೀಗೆ ಮಾಡಿದ್ರಿ?” ಎಂದಳು ಏದುಸಿರು ಬಿಡುತ್ತ. ಈ ಸಲ ಕೇಳಿಯೇಬಿಟ್ಟಳು.

“ನಾನು ಓಟು ಹಾಕಿದ್ರೆ ನಾಳೆ ಜನ ಏನಂತಿದ್ರು? ಪ್ರೀತಿಸಿದವಳಿಗೆ ಹಾಕ್ದ ಅಂತಿದ್ರು. ಆ ಚಿತ್ರಕ್ಕೆ ಅಂಥ ಮಾತು ಅಂಟಬಾರದಿತ್ತು. ನೀವು ಗೆದ್ದರೆ ನಿಮ್ಮಿಂದಲೇ ಗೆಲ್ಲಬೇಕಿತ್ತು. ಅದನ್ನ ಹೇಳೋಕೇ ಫೋನ್ ಮಾಡ್ತಿದ್ದೆ.”

ಅವಳಿಗೆ ಕೇಳಿಸಿದ್ದು ಅದರಲ್ಲಿ ಒಂದೇ ಪದ.

“ಯಾರಿಗೆ ಹಾಕ್ದ ಅಂತಿದ್ರು?”

“ಅದೇ…” ಅವನ ಕಿವಿ ಕೆಂಪಾಯಿತು. “ಪ್ರೀತಿಸಿದವಳಿಗೆ.”

“ಜನರ ಮಾತು ಬಿಡಿ. ನೀವೇನಂತೀರಿ?”

“ನಿಮ್ಮನ್ನ ಪ್ರೀತಿಸ್ತೀನಿ.”

“‘ನಿಮ್ಮನ್ನ’ ಅಂದ್ರೆ ಚಿಕ್ಕಮ್ಮನನ್ನೂ ಸೇರಿಸಿಯಾ?” ಎಂದಳು, ತುಟಿ ಕಚ್ಚಿ ನಗು ತಡೆಯುತ್ತ.

ಅವನು ಹತ್ತಿರ ಬಂದ. “ನಿನ್ನನ್ನ,” ಎಂದ. ಆ ‘ನಿನ್ನ’ ಅವನ ಬಾಯಲ್ಲಿ ಹೊಚ್ಚಹೊಸದಾಗಿತ್ತು. “ನಿನ್ನನ್ನೇ.”

“ಇಷ್ಟು ಹೇಳೋಕೆ ಇಷ್ಟು ದಿನ ಬೇಕಾಯ್ತಾ ನಿಂಗೆ?” ಎಂದಳು. ಅವನ ಎರಡೂ ಕೈ ಹಿಡಿದು ತನ್ನ ಕೆನ್ನೆಗೆ ಒತ್ತಿಕೊಂಡಳು.

ಕೆಳಗಿನಿಂದ ಚಿಕ್ಕಮ್ಮ ಮೇಲುಸಿರು ಬಿಡುತ್ತ ಮೆಟ್ಟಿಲು ಹತ್ತುತ್ತಿದ್ದಳು. “ಏನಾಯ್ತೇ? ಗೆದ್ಯಾ ಇಲ್ವಾ? ಹೇಳೇ ಬೇಗ!”

ಅವನ ಕೈ ಬಿಡದೆಯೇ ಅವಳು ಕಂಬಿಯ ಮೇಲಿಂದ ಬಗ್ಗಿ, ಇಡೀ ಮ್ಯೂಸಿಯಂಗೆ ಕೇಳಿಸುವಂತೆ ಕೂಗಿದಳು:

“ಎರಡೂ ಗೆದ್ದೆ, ಚಿಕ್ಕಮ್ಮಾ!”