ಮಲಂಗಸಾಬನ ಬೂಟು

ಇದ್ದತ್ ಮುಗಿದ ಮೂರನೆಯ ದಿನ ಫಕ್ರುನ್ನಿಸಾ ನಮ್ಮ ಮನೆಗೆ ಬಂದಳು. ಗಂಡ ತೀರಿಕೊಂಡ ಮೇಲೆ ನಾಲ್ಕು ತಿಂಗಳು ಹತ್ತು ದಿನ ಹೊಸ್ತಿಲು ದಾಟದೆ ಕೂತವಳು, ದಾಟಿದ ಕೂಡಲೇ ಬಂದದ್ದು ಗುರುಶಾಂತಮ್ಮಕ್ಕನ ಹತ್ತಿರ. ಅವಳ ಹಿಂದೆ ಹಮಾಲನೊಬ್ಬ ತಗಡಿನ ಪೆಟ್ಟಿಗೆಯೊಂದನ್ನು ಹೊತ್ತು ತಂದು ಪಡಸಾಲೆಯಲ್ಲಿ ಇಳಿಸಿ ಹೋದ.

1987ರ ಮಾತು ಇದು. ಅಕ್ಕ ಆಳಂದದ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ನರ್ಸಬಾಯಿಯಾಗಿದ್ದು ನಿವೃತ್ತಳಾಗಿದ್ದಳು. ಹೆರಿಗೆ ಮಾಡಿಸಿದ ಕೈ, ಸತ್ತವರನ್ನು ಒರೆಸಿ ಮಲಗಿಸಿದ ಕೈ. ಊರಿನಲ್ಲಿ ಯಾರಿಗೂ ಬಿಡಿಸಲಾಗದ ಸಂಗತಿ ಬಂದರೆ ಅವಳ ಮುಂದೆ ತಂದಿಡುತ್ತಿದ್ದರು. ನಾನು ಗೌರಾಬಾಯಿ, ಅವಳ ಚಿಕ್ಕಪ್ಪನ ಮಗಳು. ಗಂಡ ಹೋದ ಮೇಲೆ ಅವಳ ಜೊತೆಗೇ ಇದ್ದೆ. ನನ್ನಪ್ಪ ದಿನಾ ಬೆಳಗ್ಗೆ ವಚನ ಹೇಳುತ್ತಿದ್ದ, ನಾನು ಬಾಗಿಲಿಗೆ ಆತು ಕೇಳುತ್ತಿದ್ದೆ. ಓದು ಬರಹ ನನಗೆ ಅಷ್ಟಕ್ಕಷ್ಟೇ. ಕೇಳುವುದೊಂದು ಬಂತು.

"ಕೂಡವ್ವಾ," ಎಂದಳು ಅಕ್ಕ. "ಗೌರಾ, ಚಹಾ ಇಡು."

"ಚಹಾ ಬ್ಯಾಡ್ರಿ ಅಕ್ಕಾ. ಒಂದ ಮಾತು ಕೇಳಾಕ ಬಂದೇನಿ. ನನ್ನ ಗಂಡ ಕುಡದು ಸತ್ತಾನೇನು? ಇಷ್ಟ ಹೇಳ್ರಿ, ಸಾಕು."

ಮಲಂಗಸಾಬ ಭೂಸನೂರಿನ ಕಡೆ ಕಬ್ಬಿನ ಲಾರಿ ಹೊಡೆಯುತ್ತಿದ್ದ. ಆರು ವರ್ಷದ ಹಿಂದೆ ಎಣ್ಣೆಯ ನಾಡೊಂದಕ್ಕೆ ಹೋಗಿ, ಅಲ್ಲಿನ ದೊರೆಯ ತಮ್ಮನ ಅರಮನೆಯಲ್ಲಿ ಡ್ರೈವರನಾಗಿದ್ದ. ಒಂದು ಶುಕ್ರವಾರ ಮಧ್ಯಾಹ್ನ ಒಬ್ಬನೇ ಗಾಡಿ ತೆಗೆದುಕೊಂಡು ಹೋಗಿ, ಸೇತುವೆಯ ಕಂಬಕ್ಕೆ ಹೊಡೆದು ಸತ್ತನಂತೆ. ಗಾಡಿಯಲ್ಲಿ ಶರಾಬಿನ ಬಾಟಲಿ ಸಿಕ್ಕಿತಂತೆ. ಮಣ್ಣು ಮಾಡಿದ್ದೂ ಅಲ್ಲೇ. ಅವನನ್ನು ಅಲ್ಲಿಗೆ ಕಳಿಸಿದ್ದ ಅಫಜಲಪುರದ ನಾಗಣ್ಣ ಈಗ ಒಂದು ಕಾಗದ ತಂದಿದ್ದ. ಗಂಡ ಕುಡಿದು ಗಾಡಿ ಹೊಡೆದ, ಅರಮನೆಯ ಮೇಲೆ ನಮ್ಮ ತಕರಾರಿಲ್ಲ ಎಂದು ಫಕ್ರುನ್ನಿಸಾ ಹೆಬ್ಬೆಟ್ಟು ಒತ್ತಿದರೆ ಅರಸರು ದಯಮಾಡಿ ಏನೋ ಕೊಡುತ್ತಾರಂತೆ.

"ಕೊಡೂದು ಬಿಡೂದು ಹೋಗ್ಲಿ," ಎಂದಳು ಅವಳು. "ಮಗಳನ್ನ ಜೇವರ್ಗಿಗೆ ಕೊಡಾಕ ಮಾತಾಗಿತ್ತು. ಶರಾಬಿ ಮಗಳು ನಮಗ ಬ್ಯಾಡ ಅಂದು ಕಳಿಸ್ಯಾರ. ಆ ಮನಷ್ಯಾ ಜ್ವರದ ಔಷಧಕ್ಕೂ ಮೂಗು ಮುಚ್ಚತಿದ್ರಿ."

"ಕುಡದಿದ್ದ ಅಂತ ನೋಡಿದವರು ಯಾರು?"

"ಮಟಕಿ ಊರಿನ ಹಣಮಂತ್ರಾಯ. ಅದ ಅರಮನ್ಯಾಗ ತೋಟದ ಕೆಲಸಕ್ಕ ಅದಾನ, ರಜಾದ ಮ್ಯಾಲ ಬಂದಾನ. ಈ ಪೆಟ್ಟಿಗಿ ತಂದಾವನೂ ಅವನ. ಮರುದಿನ ಮುಂಜಾನಿ ದವಾಖಾನ್ಯಾಗ ನೋಡಿದೆ, ವಾಸನಿ ಬರತಿತ್ತು ಅಂತಾನ."

ಅಕ್ಕ ಪೆಟ್ಟಿಗೆ ತೆರೆದಳು. ಮೇಲೆ ಪೊಲೀಸರ ಕಾಗದ. ಪೋಸ್ಟ್ ಮಾಸ್ತರರು ಅದನ್ನು ಆಗಲೇ ಓದಿ ಹೇಳಿದ್ದರಂತೆ: ಚಾಲಕ ಪೂರ್ಣ ಸಮವಸ್ತ್ರದಲ್ಲಿ ಸ್ಟೇರಿಂಗ್ ಹಿಂದೆ ಸಿಕ್ಕಿದ, ಪೊಲೀಸರು ಬರುವ ಮೊದಲು ಯಾರೂ ಮುಟ್ಟಿಲ್ಲ. ಕೆಳಗೆ ನಮಾಜಿಗೆ ಹಾಸುವ ಜಾನಮಾಜ್, ಜಪದ ತಸಬಿ, ಒಂದು ಸ್ವೆಟರ್. ಆಮೇಲೆ ಸತ್ತ ದಿನದ ಬಟ್ಟೆ. ಅಕ್ಕ ಪ್ಯಾಂಟಿನ ಕಿಸೆಗೆ ಕೈ ಹಾಕಿ ಕಾಲಿಗೆ ಹಾಕುವ ಮೋಜಾದ ಜೊತೆಯೊಂದನ್ನು ತೆಗೆದಳು. ಮಡಚಿ ಉಂಡೆ ಮಾಡಿದ್ದವು, ಕಲೆ ಇರಲಿಲ್ಲ.

ಎಲ್ಲಕ್ಕಿಂತ ಕೆಳಗೆ ಎರಡು ಜೊತೆ ಕರಿ ಬೂಟು. ಒಂದು ಜೊತೆಯಲ್ಲಿ ಲೇಸುಗಳನ್ನು ಕಟ್ಟದೆ ಒಳಗೆ ತುರುಕಿತ್ತು. ಇನ್ನೊಂದು ಜೊತೆಯಲ್ಲಿ ಲೇಸನ್ನು ಅಡ್ಡ ಕತ್ತರಿಸಿತ್ತು, ಮೇಲಿನ ಗಂಟು ಹಾಗೇ ಉಳಿದಿತ್ತು. ಆ ಜೊತೆಯ ಹೊರಗೆ ಬರೀ ಧೂಳು. ಒಳಗೆ, ಅಂಗಾಲು ಕೂಡುವಲ್ಲಿ, ಒಣಗಿದ ರಕ್ತ.

ಅಕ್ಕ ಆ ಗಂಟಿನ ಮೇಲೆ ಬೆರಳಾಡಿಸಿದಳು. ಆಮೇಲೆ ಕೇಳಿದಳು, "ಅವನ ದನಿ ಇರೂದು ಏನರೆ ಐತೇನವ್ವಾ?"

ಫಕ್ರುನ್ನಿಸಾ ಸೆರಗಿನೊಳಗಿಂದ ಒಂದು ಕ್ಯಾಸೆಟ್ಟು ತೆಗೆದಳು. ಕಾಗದ ಬರೆಯಲು ಬಾರದವರು ಆಗ ಕ್ಯಾಸೆಟ್ಟಿನಲ್ಲಿ ಮಾತಾಡಿ ಊರಿಗೆ ಬಂದವರ ಕೈಯಲ್ಲಿ ಕಳಿಸುತ್ತಿದ್ದರು. ಇದು ಸಾಯುವ ತಿಂಗಳ ಹಿಂದಿನದು. ಅವಳು ಅದನ್ನು ಯಾರದೋ ಮನೆಯಲ್ಲಿ ಒಮ್ಮೆ ಕೇಳಿದವಳು ಮತ್ತೆ ಹಚ್ಚಿರಲಿಲ್ಲ.

"ಗೌರಾ, ನೀ ಕೇಳು," ಎಂದಳು ಅಕ್ಕ. "ನಾ ಮಾತು ಕೇಳ್ತೇನಿ. ಉಳದದ್ದು ನೀ ಕೇಳು."

ನಮ್ಮ ಟೇಪ್‌ರೆಕಾರ್ಡರಿಗೆ ಕ್ಯಾಸೆಟ್ಟು ಹಚ್ಚಿ, ಕಣ್ಣು ಮುಚ್ಚಿ ಕೇಳಿದೆ. ಗಾಡಿಯೊಳಗೆ ಕೂತು ಮಾತಾಡಿದ್ದ. ಅರ್ಧ ಉರ್ದು, ಅರ್ಧ ಕನ್ನಡ. ಮಗಳ ಹೆಸರು ಹಿಡಿದು ಕರೆದ. ಆಡಿನ ಮರಿ ಹೇಗಿದೆ ಎಂದು ಕೇಳಿದ. ಆಮೇಲೆ ದನಿ ಸಣ್ಣದಾಯಿತು.

"ಹೋದ ತಿಂಗಳ ಒಬ್ಬ ಕೂಲಿಯವನ ಹತ್ರ ಬಾಟ್ಲಿ ಸಿಕ್ತು ಅಂತ ಬಜಾರದಾಗ ಎಂಬತ್ತ ಛಡಿ ಹೊಡೆದ್ರು. ಹುಕುಮಿಗೆ ಸಹಿ ಹಾಕಿದವ ನಮ್ಮ ಧಣಿನ. ಆ ಸಹಿ ಹಾಕಿದ ಕೈ ಯಾವ ವಾಸನಿ ಬರತಿತ್ತು ಅಂತ ನನಗ ಗೊತ್ತೈತಿ ಫಕ್ರೂ. ಜುಮ್ಮಾ ನಮಾಜಿನಾಗ ಮುಂದಿನ ಸಾಲಿನಾಗ ನಿಂದರ್ತಾರ. ಮುಗಿಸಿಕೊಂಡು ಊರಹೊರಗಿನ ಬಂಗಲೆಕ್ಕ ಹೋಗ್ತಾರ. ಬರೋವಾಗ ಸ್ಟೇರಿಂಗ ನಾನ ಹಿಡೀತೇನಿ ಅಂತ ನನ್ನ ಬಾಜೂಕ್ಕ ಸರಸ್ತಾರ. ಅಲ್ಲಾನ ನಾಮ ಹೇಳ್ಕೋತ ಕೂಡ್ತೇನಿ."

ಮುಗಿದಾಗ ಅಕ್ಕ ನನ್ನ ಮುಖ ನೋಡಿದಳು.

"ಮೊದಲಿಗೇ ಎರಡು ಸಪ್ಪಳ ಐತೆಕ್ಕಾ," ಎಂದೆ. "ಬಾಗಿಲ ಮುಚ್ಚಿದ ಮ್ಯಾಲ, ಗಾಡಿ ಚಾಲೂ ಆಗೂಕಿಂತ ಮೊದಲ. ಧಪ್ಪ ಅಂತೊಂದು, ಮತ್ತೊಂದು. ವಜ್ಜೆ ಇದ್ದದ್ದೇನೋ ಕೆಳಗ ಒಗದಂಗ."

ಫಕ್ರುನ್ನಿಸಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಬೂಟು," ಎಂದಳು. "ಲಾರಿ ಹೊಡಿಯುವಾಗೂ ಬರಿಗಾಲಲೇ. ಇಂಜನ್ ಏನ ಹೇಳತೈತಿ ಅಂಗಾಲಿಗೆ ತಿಳೀಬೇಕು ಅಂತ ಅವರ ಉಸ್ತಾದ ಕಲಿಸಿದ್ದ. ಮೆಟ್ಟು ಬಿಟ್ಟು ಸಲಾಂ ಮಾಡಿನ ಸ್ಟೇರಿಂಗ ಮುಟ್ಟತಿದ್ರು."

ಅಕ್ಕ ಎರಡೂ ಜೊತೆ ಬೂಟನ್ನು ಪೆಟ್ಟಿಗೆಯಿಂದ ತೆಗೆದು ಬದಿಗಿಟ್ಟಳು. ಸೋಮವಾರ ನಾಗಣ್ಣನನ್ನೂ ಹಣಮಂತ್ರಾಯನನ್ನೂ ಕರೆಸುವಂತೆ ಹೇಳಿದಳು. ಜೇವರ್ಗಿಯ ಹುಡುಗನ ತಾಯಿಗೂ ಹೇಳಿಕಳಿಸಿದಳು.

ಸೋಮವಾರ ಹನ್ನೊಂದಕ್ಕೆ ಎಲ್ಲರೂ ಪಡಸಾಲೆಯಲ್ಲಿ ಕೂಡಿದರು. ನಾಗಣ್ಣ ಬಿಳಿ ಸಫಾರಿ ತೊಟ್ಟು ಕೈಯಲ್ಲಿ ಕಾಗದ, ಮಸಿಯ ಡಬ್ಬಿ ಹಿಡಿದು ಬಂದಿದ್ದ. ಹಣಮಂತ್ರಾಯ ಮೂವತ್ತರ ಗಟ್ಟಿ ಆಳು, ಕಂಬಕ್ಕೆ ಆತು ನಿಂತ. ಕೂಡು ಎಂದರೂ ಕೂಡಲಿಲ್ಲ. ಹುಡುಗನ ತಾಯಿ ಬಾಗಿಲ ಹತ್ತಿರ ಮುಖ ಅತ್ತ ಮಾಡಿ ಕೂತಿದ್ದಳು.

"ಲಗೂ ಮುಗಸ್ರಿ ನರ್ಸಬಾಯಿ," ಎಂದ ನಾಗಣ್ಣ. "ಅರಸರು ದೊಡ್ಡ ಮನಸಿನವರು. ಕುಡುಕನ ಹೆಂಡ್ತಿಗೆ ಇಷ್ಟಾದ್ರೂ ಮಾಡಾಕ ಒಪ್ಪ್ಯಾರ. ಬ್ಯಾರೇದವರಾಗಿದ್ರ ಪೆಟ್ಟಿಗಿನೂ ಕಳಸ್ತಿದ್ದಿಲ್ಲ."

"ಹೌದಪ್ಪ, ಪೆಟ್ಟಿಗಿ ಕಳಿಸಿದ್ದು ದೊಡ್ಡ ಉಪಕಾರ ಆತು," ಎಂದಳು ಅಕ್ಕ. "ಹಣಮಂತ್ರಾಯ, ತಮ್ಮಾ, ಇದರ ಕೀಲಿ ಕೆಟ್ಟೈತಿ. ಆ ಹಗ್ಗ ತಗೊಂಡು ಬಿಗಿಯಂಗ ಕಟ್ಟು."

ಕೈಗೆ ಕೆಲಸ ಸಿಕ್ಕಿತೆಂದು ಅವನಿಗೆ ಹಗುರಾಯಿತೇನೋ. ಕೂತು, ಮೊಣಕಾಲು ಊರಿ, ಹಗ್ಗವನ್ನು ಎರಡು ಸುತ್ತು ತಂದು, ತುದಿಯನ್ನು ಮಡಚಿ ಒಳಗೆ ತೂರಿಸಿ ಎಳೆದ. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಆಯಿತು.

"ಇದಕ್ಕೇನಂತಾರ?"

"ನೊಗದ ಗಂಟ್ರಿ. ಎತ್ತು ಜಗ್ಗಿದಷ್ಟೂ ಬಿಗೀತೈತಿ. ತುದಿ ಎಳದ್ರ ಬಿಚ್ಚತೈತಿ."

ಅಕ್ಕ ಸೆರಗಿನ ಕೆಳಗಿದ್ದ ಬೂಟು ತೆಗೆದು ಹಗ್ಗದ ಪಕ್ಕಕ್ಕೆ ಇಟ್ಟಳು. ಅದೇ ಎರಡು ಸುತ್ತು, ಅದೇ ಒಳಗೆ ತೂರಿಸಿದ ತುದಿ. ಹಣಮಂತ್ರಾಯನ ಕೈ ಹಗ್ಗದ ಮೇಲೆಯೇ ನಿಂತುಬಿಟ್ಟಿತು.

"ಏನ್ರಿ ಇದು ಹುಡುಗಾಟ," ಎಂದ ನಾಗಣ್ಣ. "ನಮ್ಮ ಸೀಮ್ಯಾಗ ಸಾವಿರ ಮಂದಿ ಈ ಗಂಟು ಹಾಕ್ತಾರ."

"ನಮ್ಮ ಸೀಮ್ಯಾಗ ಹೌದಪ್ಪ. ಆ ಅರಮನ್ಯಾಗ ನಮ್ಮ ಸೀಮಿಯವರು ಎಷ್ಟ ಮಂದಿ ಇದ್ರು? ಕಳಿಸಿದಾವ ನೀನ."

ನಾಗಣ್ಣ ತಡೆದು ಹೇಳಿದ, "ಇಬ್ಬರು."

"ಒಬ್ಬ ಸತ್ತಾನ. ಅವ ಬೂಟಿನ ಲೇಸು ಎಂದೂ ಕಟ್ಟಿದವನಲ್ಲ. ಇನ್ನೊಂದ ಜೋಡು ನೋಡ್ರಿ, ಒಳಗ ತುರಕ್ಯಾನ. ಗಾಡಿ ಹತ್ತಿದ ಕೂಡ್ಲೇ ಕಿತ್ತೊಗಿಯಾಕ ಹಗುರ ಆಗ್ಲಿ ಅಂತ."

ಆಮೇಲೆ ಅಕ್ಕ ನಿಧಾನವಾಗಿ, ಆಸ್ಪತ್ರೆಯಲ್ಲಿ ರೋಗಿಯ ಮನೆಯವರಿಗೆ ತಿಳಿಸುವ ಹಾಗೆ ಹೇಳಿದಳು. ಮಲಂಗಸಾಬ ಬರಿಗಾಲಲ್ಲೇ ಗಾಡಿ ಹೊಡೆಯುವವ. ಕ್ಯಾಸೆಟ್ಟಿನಲ್ಲಿ ಬೂಟು ಬಿಡುವ ಸಪ್ಪಳವಿದೆ. ಆ ಶುಕ್ರವಾರವೂ ಮೋಜಾ ಬಿಚ್ಚಿ ಕಿಸೆಗೆ ಹಾಕಿಕೊಂಡಿದ್ದ, ಅವು ಸ್ವಚ್ಛವಾಗಿ ಅಲ್ಲೇ ಇವೆ. ರಕ್ತ ಬೂಟಿನ ಒಳಗಿದೆ, ಹೊರಗಿಲ್ಲ. ಎಂದರೆ ಪೆಟ್ಟು ಬಿದ್ದದ್ದು ಬರಿಗಾಲಿಗೆ. ಬೂಟು ತೊಡಿಸಿದ್ದು ಆಮೇಲೆ. ಊದಿದ ಕಾಲಿನಿಂದ ಬೂಟು ತೆಗೆಯುವಾಗ ಆಸ್ಪತ್ರೆಯವರು ಲೇಸಿಗೆ ಕತ್ತರಿ ಹಾಕುತ್ತಾರೆ, ಗಂಟಿಗೆ ಕೈ ಹಚ್ಚುವುದಿಲ್ಲ. ಅದಕ್ಕೇ ಗಂಟು ಉಳಿಯಿತು.

"ಪೊಲೀಸರು ಬರೂಕಿಂತ ಮೊದಲ ಯಾರೂ ಮುಟ್ಟಿಲ್ಲ ಅಂತ ಕಾಗದ ಹೇಳತೈತಿ," ಎಂದಳು. "ಮುಟ್ಯಾರ. ಒಬ್ಬನ ಸತ್ತಾನಂದ್ರ ಅವನ್ನ ಶೃಂಗಾರ ಮಾಡೂ ಗರಜು ಯಾರಿಗಿತ್ತು? ಆ ಗಾಡ್ಯಾಗ ಇನ್ನೊಬ್ಬರಿದ್ರು. ಶುಕ್ರವಾರ ನಮಾಜ್ ಮುಗಿಸಿ ಬಂಗಲೆಕ್ಕ ಹೋಗಿ, ಬರೋವಾಗ ಡ್ರೈವರನ್ನ ಬಾಜೂಕ್ಕ ಸರಿಸಿ ತಾವ ಸ್ಟೇರಿಂಗ ಹಿಡಿಯೋರು ಯಾರು ಅಂತ ಮಲಂಗಸಾಬನ ಹೇಳ್ಯಾನ. ಬಾಟ್ಲಿ ಅವರದು. ಕಂಬಕ್ಕ ಹೊಡದವರೂ ಅವರ. ಉಳದದ್ದು ನೀ ಹೇಳು ತಮ್ಮಾ."

ಹಣಮಂತ್ರಾಯ ನೆಲ ನೋಡುತ್ತಲೇ ಹೇಳಿದ.

"ತೋಟದಾಗ ನೀರ ಬಿಡಾಕತ್ತಿದ್ದೆ. ಗಾರ್ಡು ಬಂದು ಜೀಪಿನಾಗ ಕೂಡಿಸಿಕೊಂಡು ಹೋದ್ರು. ಧಣಿ ಹಣಿಗೆ ಸಣ್ಣ ಗಾಯ, ರಸ್ತಾದಾಗ ಕೂತು ಅಳಾಕತ್ತಿದ್ರು. ವಾಸನಿ ಅವರದ. ಬಾಜೂದ ಸೀಟಿನಾಗ ಮಲಂಗಣ್ಣ. ಇವನ್ನ ಸ್ಟೇರಿಂಗ ಹಿಂದ ಕೂಡಸು ಅಂದ್ರು, ಕೂಡಿಸಿದೆ. ಅರಮನಿ ಡ್ರೈವರ ಬರಿಗಾಲಲೆ ಇರೂದಿಲ್ಲ, ಬೂಟು ಹಾಕು ಅಂದ್ರು, ಹಾಕಿದೆ. ಆಂವ ಬೂಟು ಬಿಟ್ಟು ಗಾಡಿ ಹೊಡೀತಾನಂತ ನನಗೇನ ಗೊತ್ರಿ, ಒಂದ ದಿನಾನೂ ಆ ಗಾಡ್ಯಾಗ ಕೂತಾವಲ್ಲ ನಾ. ಕೈಗೆ ಬಂದ ಗಂಟು ಹಾಕಿದೆ. ಪಾಸ್‌ಪೋರ್ಟ ಅವರ ಹತ್ರ ಇತ್ತು. ಬಾಯಿ ಬಿಟ್ರ ಛಡಿ ನಿನಗ ಅಂದ್ರು."

 ಜೇವರ್ಗಿಯ ಹುಡುಗನ ತಾಯಿ ಮುಖ ಇತ್ತ ತಿರುಗಿಸಿದ್ದಳು.

ನಾಗಣ್ಣ ಕಾಗದ ಮಡಚಿ ಕಿಸೆಗೆ ಹಾಕಿಕೊಂಡ. ಎದ್ದು ನಿಂತು, ಸಿಟ್ಟಿಲ್ಲದೆ ಹೇಳಿದ, "ಎಲ್ಲಾ ಖರೇನ ಇರಬಹುದು ನರ್ಸಬಾಯಿ. ಈ ಬೂಟು ಒಯ್ದು ಆ ಅರಸರಿಗೆ ತೋರಸವರು ಯಾರು?"

"ಯಾರೂ ಇಲ್ಲಪ್ಪ," ಎಂದಳು ಅಕ್ಕ.

"ಅರಸರಿಗೆ ತೋರಸ್ರಿ ಅಂತ ನಾ ಕೇಳೇ ಇಲ್ಲ," ಎಂದಳು ಫಕ್ರುನ್ನಿಸಾ. ಅವಳು ಹಣಮಂತ್ರಾಯನ ಮುಂದೆ ಬಂದು ಕೂತಳು. "ತಮ್ಮಾ, ಬೂಟು ಹಾಕುವಾಗ ಅವರ ಕಾಲು ಹೆಂಗಿದ್ವು? ತಣ್ಣಗಾಗಿದ್ವೇನು?"

ಅವನು ತಲೆ ಎತ್ತಲಿಲ್ಲ.

"ಬೆಚ್ಚಗಿದ್ವು."

ಅಕ್ಕ ಕಣ್ಣು ಮುಚ್ಚಿಕೊಂಡಳು. ಮೂವತ್ತು ವರ್ಷ ಆಸ್ಪತ್ರೆಯಲ್ಲಿದ್ದವಳು. ಬೆಚ್ಚಗಿನ ಕಾಲಿನಲ್ಲಿ ಇನ್ನೂ ಜೀವ ಇದ್ದಿರಬಹುದು ಎಂದು ಅವಳಿಗೆ ಎಲ್ಲರಿಗಿಂತ ಹೆಚ್ಚು ಗೊತ್ತಿತ್ತು. ಫಕ್ರುನ್ನಿಸಾಳಿಗೂ ತಿಳಿಯದೆ ಇರಲಿಲ್ಲ. ಆದರೂ ಅವಳು ಕೈ ಚಾಚಿ ಬೂಟಿನ ಗಂಟಿನ ತುದಿ ಹಿಡಿದು ಎಳೆದಳು. ಅದು ಒಮ್ಮೆಗೇ ಬಿಚ್ಚಿಕೊಂಡಿತು.

ಹಣಮಂತ್ರಾಯ ಮತ್ತೆ ಆ ನಾಡಿಗೆ ಹೋಗಲಿಲ್ಲ. ಜೇವರ್ಗಿಯವರು ಕೈಮುಗಿದು ಬಂದರು, ನಿಕಾಹ್ ಆಯಿತು. ಆ ಚಳಿಗಾಲದ ಒಂದು ಪತ್ರಿಕೆಯಲ್ಲಿ ದೊರೆಯ ತಮ್ಮನ ಚಿತ್ರ ಬಂದಿತ್ತು. ಕುಡಿತದ ಕೇಡಿನ ಬಗ್ಗೆ ಯಾವುದೋ ದೊಡ್ಡ ಸಭೆಯಲ್ಲಿ ಭಾಷಣ ಮಾಡುತ್ತಿದ್ದರು. ಅಕ್ಕ ಅದನ್ನು ಓದಿ, ಮಡಚಿ, ಒಲೆಗೆ ಹಾಕಿದಳು.

ಫಕ್ರುನ್ನಿಸಾಳ ಮನೆಯಲ್ಲಿ ಟೇಪ್‌ರೆಕಾರ್ಡರ್ ಇರಲಿಲ್ಲ. ಶುಕ್ರವಾರಗಳಂದು ನಮ್ಮಲ್ಲಿಗೆ ಬರುತ್ತಿದ್ದಳು. ನಾನು ಕ್ಯಾಸೆಟ್ಟು ಹಚ್ಚಿ ದನಿ ಏರಿಸಲು ಹೋದರೆ ಕೈ ಹಿಡಿಯುತ್ತಿದ್ದಳು.

"ಮಾತು ಬ್ಯಾಡ ಗೌರಕ್ಕಾ. ಮೊದಲಿಂದಷ್ಟ ಕೇಳಸ್ರಿ."

ಗಾಡಿಯ ಬಾಗಿಲು ಮುಚ್ಚುವುದು. ಒಂದು ಬೂಟು. ಇನ್ನೊಂದು ಬೂಟು. ಅಷ್ಟಾದ ಮೇಲೆ ನಾನು ಗುಂಡಿ ಒತ್ತಿ ನಿಲ್ಲಿಸುತ್ತಿದ್ದೆ.