ಚಂದ್ರನ ದಕ್ಷಿಣದಂಚು, ದಾನೇಶ್ವರಿಯ ಮಾಳಿಗೆ

"ಯಾರನ್ನ ನೋಡಲಿಕತ್ತೀರಿ? ಖರೇ ಹೇಳ್ರಿ!"

ಮೆಟ್ಟಿಲು ಹತ್ತಿ ಬಂದ ರಭಸಕ್ಕೆ ದಾನೇಶ್ವರಿಯ ಎದೆ ಹೊಡೆದುಕೊಳ್ಳುತ್ತಿತ್ತು. ಪಕ್ಕದ ಮನೆಯ ಇಮಾಮ್ಬೀಯ ಮಾಳಿಗೆಯ ಮೇಲೆ ದುರ್ಬೀನಿಗೆ ಕಣ್ಣಿಟ್ಟು ನಿಂತಿದ್ದ ಬಾಡಿಗೆದಾರ ಕಾಶೀನಾಥ ಬೆಚ್ಚಿ ತಲೆ ಎತ್ತಿದ.

"ಚಂದ್ರನ್ನರಿ... ದಕ್ಷಿಣದ ಅಂಚಿನಾಗ ಕುಳಿ ಹಾವ, ಅವನ್ನ..."

"ಚಂದ್ರ ದಕ್ಷಿಣಕ್ಕ ಹಾನ. ನಿಮ್ಮ ಮುಖ ಪೂರ್ವಕ್ಕದ. ಪೂರ್ವಕ್ಕಿರೂದು ನಮ್ಮನಿ! ನನಗ ದಿಕ್ಕು ಗೊತ್ತಿಲ್ಲೇನು?"

ಅವನು ಕಿವಿಯವರೆಗೂ ಕೆಂಪಾದ, ಅಷ್ಟೇ.

ನೋಡಿದಿರಾ? ತಪ್ಪಿಲ್ಲದವನು ಹೀಗೆ ಕೆಂಪಾಗುತ್ತಾನೆಯೇ!

ದಾನೇಶ್ವರಿ ಸೇಡಂನ ಶಾಲೆಯೊಂದರಲ್ಲಿ ವಿಜ್ಞಾನದ ಟೀಚರು. ಎರಡು ವರ್ಷದ ಹಿಂದೆ ಯಾವನೋ ಕದ್ದು ಅವಳ ಫೋಟೋ ತೆಗೆದು ಊರೆಲ್ಲ ಹಂಚಿದ್ದ. ಅಷ್ಟಕ್ಕೇ ಗೊತ್ತಾಗಿದ್ದ ಮದುವೆ ಮುರಿಯಿತು. ತಪ್ಪು ಮಾಡಿದವನು ಯಾರೋ, ತಲೆ ತಗ್ಗಿಸಿ ನಡೆದವಳು ಇವಳು. ಅಂದಿನಿಂದ ಅವಳಿಗೆ ಹಗ್ಗ ಕಂಡರೂ ಹಾವು.

ಅದಕ್ಕಿಂತ ಹೆಚ್ಚು ಚುಚ್ಚಿದ್ದು ಬೇರೆಯೇ. ನಾಲವಾರ ಊರಿನಿಂದ ಸಿಮೆಂಟ್ ಕಾರ್ಖಾನೆಯ ಲ್ಯಾಬಿಗೆ ಕೆಲಸಕ್ಕೆಂದು ಬಂದ ಈ ಮೌನಿ, ಕಿರಾಣಿ ಅಂಗಡಿಯಲ್ಲಿ ಎದುರಾದಾಗಲೆಲ್ಲ ದಾರಿ ಬಿಟ್ಟು ನಿಲ್ಲುತ್ತಿದ್ದ. ಅವಳಿಗೆ ಅವನು ಇಷ್ಟವಾಗತೊಡಗಿದ್ದ! 'ಇವನೂ ಅಂಥವನೇ ಏನು?'

ಅವಳು ಸೀದಾ ಕೆಳಗಿಳಿದು ಇಮಾಮ್ಬೀಗೆ ಎಲ್ಲ ಹೇಳಿದಳು. ಮುದುಕಿ ಅವನನ್ನು ಕರೆದು ಒಂದೇ ಮಾತು ಹೇಳಿದಳು.

"ನಾನೂ ಹೆಣ್ಮಕ್ಕಳನ್ನ ಹಡೆದಾಕಿ ಹೀನಿ, ಬೇಟಾ. ಒಂದು ತಿಂಗಳದಾಗ ಮನಿ ಖಾಲಿ ಮಾಡು."

ಅವನು "ಆಯ್ತು, ಅಮ್ಮಾ," ಎಂದ.

ಮರುದಿನದಿಂದ ಅವನು ಮಾಳಿಗೆ ಹತ್ತುವುದನ್ನೇ ಬಿಟ್ಟ. ದುರ್ಬೀನೂ ಇಲ್ಲ, ಅವನೂ ಇಲ್ಲ. ದಾನೇಶ್ವರಿಗೆ ನೆಮ್ಮದಿಯಾಗಬೇಕಿತ್ತು... ಆಗಲಿಲ್ಲ. 'ನಿರಪರಾಧಿಯಾಗಿದ್ದರೆ ವಾದ ಮಾಡಬೇಕಿತ್ತಲ್ಲ? ಯಾಕೆ ಸುಮ್ಮನಾದ?' ಎಂದು ಅನುಮಾನ ಕುಟುಕುತ್ತಲೇ ಇತ್ತು.

ತಿಂಗಳು ತುಂಬಿತು. ಅಂದು ಶುಕ್ಲಪಕ್ಷದ ನವಮಿ. ಸಂಜೆ ಇಮಾಮ್ಬೀಗೆ ಮೊಸರು ಕೊಡುವ ನೆಪದಲ್ಲಿ ಬಂದವಳು ಮಾಳಿಗೆಗೇ ಹತ್ತಿದಳು. ಮನೆ ಬಿಡಲು ಸಾಮಾನು ಕಟ್ಟಿ ಮುಗಿಸಿದ್ದ ಕಾಶೀನಾಥ ದುರ್ಬೀನಿಗೆ ಕೌದಿ ಸುತ್ತುತ್ತಿದ್ದ.

"ಇದರಾಗ ಕ್ಯಾಮೆರಾ ಎಲ್ಲದ? ತೋರಸ್ರಿ!"

ಅವನು ಕೌದಿ ಬಿಚ್ಚಿ, ಕೊಳವೆಯ ಮುಚ್ಚಳ ತೆಗೆದ. ಅವಳು ಬಗ್ಗಿ ನೋಡಿದಳು.

ತಳದಲ್ಲಿ ಒಂದು ದುಂಡು ಕನ್ನಡಿ. ಬಾಯಿಯ ಹತ್ತಿರ ಓರೆಯಾಗಿ ಕೂರಿಸಿದ ಪುಟ್ಟ ಕನ್ನಡಿ. ಅದರ ನೇರಕ್ಕೆ, ಕೊಳವೆಯ ಪಕ್ಕದಲ್ಲಿ, ಕಣ್ಣಿಡುವ ತೂತು. ಬೇರೆ ಏನೂ ಇಲ್ಲ.

ಬೆಳಕು ಒಳಗೆ ಬಂದು, ತಳಕ್ಕೆ ಬಡಿದು, ಮೇಲೆ ಬಂದು, ಓರೆ ಕನ್ನಡಿಯಲ್ಲಿ ಪಕ್ಕಕ್ಕೆ ತಿರುಗುತ್ತದೆ... ಕೊಳವೆ ದಕ್ಷಿಣಕ್ಕಿದ್ದರೆ ಈ ತೂತಿಗೆ ಕಣ್ಣಿಟ್ಟವನ ಮುಖ ಪೂರ್ವಕ್ಕೇ ಇರಬೇಕು!

ಅಯ್ಯೋ ದೇವರೇ! ಹತ್ತನೇ ಕ್ಲಾಸಿಗೆ ಬೆಳಕಿನ ಪಾಠ ಹೇಳುವವಳು ನಾನು!

"ಒಮ್ಮೆ... ನೋಡಲೇನ್ರಿ?" ಅವಳ ದನಿ ಇಳಿದಿತ್ತು.

ಅವನು ದುರ್ಬೀನನ್ನು ನಿಲ್ಲಿಸಿಕೊಟ್ಟ. "ಇವತ್ತ ದಕ್ಷಿಣದ ಅಂಚು ನಮ್ಮ ಕಡೆ ಭಾಳ ವಾಲ್ಯದ, ಮ್ಯಾಲ ಬಿಸಿಲೂ ಬಿದ್ದದ. ಎರಡೂ ಕೂಡಿ ಬರೂದು ಅಪರೂಪ. ನಡುವ ಗುಡ್ಡ ಇರೂದು ಮೊರೇಟಸ್ ಅನ್ನೂ ಕುಳಿ. ಅದರಾಚೆ ಕಪ್ಪಗ ಕಾಣೂದು ತಳಾನೇ ಕಾಣದಂಥ ಕುಳಿ."

ಬೆಳ್ಳಗಿನ ಅಂಚು, ಒಂದರ ಮೇಲೊಂದು ಒತ್ತಿಕೊಂಡ ಕುಳಿಗಳು, ನೆರಳಿನಿಂದ ತಲೆ ಎತ್ತಿದ ಪುಟ್ಟ ಗುಡ್ಡ. ಎಷ್ಟು ಹೊತ್ತು ನೋಡಿದಳೋ! ತಲೆ ಎತ್ತಿದಾಗ ಎದುರಿಗೆ ಕಂಡದ್ದು ತನ್ನದೇ ಮಾಳಿಗೆ, ಒಣಹಾಕಿದ ತನ್ನದೇ ಸೀರೆ.

ಅವಳ ಅನುಮಾನ ಮತ್ತೆ ಎದ್ದು ಕೂತಿತು. ಕೊಳವೆಯನ್ನು ಬಿಗಿದು ಹಿಡಿದಿದ್ದ ಪಟ್ಟಿಗಳನ್ನು ಮುಟ್ಟಿ ನೋಡಿದಳು.

"ಇವನ್ನ ಸಡಿಲ ಮಾಡಿ ಕೊಳವಿ ತಿರುವಿದ್ರ, ಆ ಕಡೆ ನಿಂತೂ ನೋಡಬಹುದಲ್ರಿ? ನಮ್ಮನಿಗೆ ಬೆನ್ನು ಮಾಡಿ?"

ಕಾಶೀನಾಥ ಕೈಲಿದ್ದ ಕೌದಿಯನ್ನು ಕೆಳಗಿಟ್ಟ.

"ಹೌದ್ರಿ. ಬಹುದಿತ್ತು."

"ಮತ್ತ್ಯಾಕ ತಿರುವಲಿಲ್ಲ?"

"ದುರ್ಬೀನಿಲೆ ಒಮ್ಮೆನೂ ನಿಮ್ಮನ್ನ ನೋಡಿಲ್ರಿ, ಬಸವಣ್ಣನಾಣಿ! ಆದ್ರ... ಕಣ್ಣು ದಣಿದು ತಲಿ ಎತ್ತಿದಾಗ, ಬಟ್ಟಿ ತೆಗೀಲಿಕ್ಕ ಬಂದ ನೀವು ಕಾಣ್ತಿದ್ರಿ. ಕಾಣಲಿ ಅಂತನೇ ಹಂಗ ಇಟ್ಟಿದ್ದೆ. ತಪ್ಪು ನಂದೇ. ಅದಕ್ಕೇ ಇಮಾಮ್ಬೀ ಅವರ ಮುಂದ ಬಾಯಿ ಬಿಡಲಿಲ್ಲ."

ಅವಳಿಗೆ ಸಿಟ್ಟು ಬಂತು, ಅಳುವೂ ಬಂತು. ಅನುಮಾನ ಪೂರ್ತಿ ಸುಳ್ಳಾಗಿರಲಿಲ್ಲ! ಆದರೆ ಸುಳ್ಳು ಹೇಳಿ ಪಾರಾಗಬಹುದಿದ್ದ ಮನುಷ್ಯ, ಮನೆ ಕಳೆದುಕೊಂಡ ಮೇಲೂ ಖರೆ ಹೇಳುತ್ತಿದ್ದ.

"ನೀವು ಮಾಳಿಗಿಗೆ ಬರದ ಈ ತಿಂಗಳದಾಗ, ಒಣಗಿದ ಬಟ್ಟಿ ತರ್ತೀನಂತ ನಾನು ಎಷ್ಟು ಸಲ ಮಾಳಿಗಿ ಹತ್ತೀನಿ ಗೊತ್ತೇನ್ರಿ?"

ಅವನು ನಂಬಲಾರದೆ ಅವಳನ್ನೇ ನೋಡಿದ. "ದಾನೇಶ್ವರಿಯವರೇ..."

"ಸಾಮಾನು ಬಿಚ್ಚಿಡ್ರಿ. ಇಮಾಮ್ಬೀಗೆ ನಾನೇ ಹೇಳ್ತೀನಿ."

"ಏನಂತ ಹೇಳ್ತೀರಿ?"

"ಅರ್ಧ ತಪ್ಪು ನಂದು, ಅರ್ಧ ನಿಮ್ದು ಅಂತ." ಮೆಟ್ಟಿಲ ತನಕ ಹೋದವಳು ನಿಂತು, ಕಣ್ಣೊರೆಸಿಕೊಂಡು ತಿರುಗಿದಳು. "ಇನ್ನ ಮ್ಯಾಲ ನನ್ನ ನೋಡೂದಿದ್ರ ಇಲ್ಲಿಂದ ಬ್ಯಾಡ. ನಾಳೆ ಸಂಜಿಗೆ ನಮ್ಮನಿಗೆ ಬರ್ರಿ. ಅವ್ವನ ಎದುರಿಗೆ ಕುಂತು ನೋಡ್ರಿ."