ಹಸಿರು ರ್ಯಾಮ್

ತೆರೆಯ ಮೇಲಿನ ಚಿತ್ರ ಮತ್ತೆ ತಡವರಿಸಿದಾಗ ಎಡಿಟರ್‌ಗೆ ತಲೆ ಕೆಟ್ಟುಹೋಯಿತು. ಸಂಜೆಯೊಳಗೆ ಸಾಕ್ಷ್ಯಚಿತ್ರ ಮುಗಿಸಿ ಕಳಿಸಬೇಕು. ಕಂಪ್ಯೂಟರ್ ಆರಿಸಿ ಪಕ್ಕದ ಮುಚ್ಚಳ ಬಿಚ್ಚಿದಳು. ಮದರ್‌ಬೋರ್ಡಿನ ಮೇಲೆ ಮೆಮೊರಿಯ ಎರಡು ಕಪ್ಪು ರ್ಯಾಮ್ ಪಟ್ಟಿಗಳಿರಬೇಕಿತ್ತು. ಬೋರ್ಡಿಗೆ ಹೊಂದುವಂತೆ ಅವಳೇ ಆರಿಸಿ ತರಿಸಿದ ಜೋಡಿ. ಈಗ ಒಂದು ಕಪ್ಪು, ಇನ್ನೊಂದು ಹಸಿರು.

ಯಾರೋ ಒಂದನ್ನು ಎಗರಿಸಿ ಹಳೆಯದನ್ನು ತುರುಕಿದ್ದರು.

ಸ್ಟುಡಿಯೋ ಯಜಮಾನರು ಬಂದು ಇಣುಕಿದರು. "ಇದರೊಳಗೆ ಕೈ ಹಾಕೋನು ಟೆಕ್ನಿಶಿಯನ್ ಒಬ್ಬನೇ. ನಿನ್ನೆ ಧೂಳು ಹೊಡೆದಿದ್ದೂ ಅವನೇ. ಸಂಜೆಗೆ ಮನೆಗೆ ಕಳಿಸ್ತೀನಿ."

ಟೆಕ್ನಿಶಿಯನ್ ಇನ್ನೂ ಕಾಯಂ ಆದವನಲ್ಲ. ಕಳ್ಳ ಅನ್ನಿಸಿಕೊಂಡು ಹೋದರೆ ಬೇರೆ ಯಾವ ಸ್ಟುಡಿಯೋದಲ್ಲೂ ಅವನನ್ನು ಸೇರಿಸುವುದಿಲ್ಲ. ಅದು ಗೊತ್ತಿದ್ದೂ ಎಡಿಟರ್ ಸಿಟ್ಟು ತಡೆದುಕೊಳ್ಳದೆ ಅವನನ್ನು ಕರೆದಳು.

"ಬ್ಯಾಗ್ ಬಿಚ್ಚು."

ಅವನು ಬಿಚ್ಚಿದ. ಸ್ಕ್ರೂಡ್ರೈವರ್, ಬ್ರಷ್, ಊಟದ ಡಬ್ಬಿ.

"ನಾನು ತೆಗೆದಿಲ್ಲ ಅಕ್ಕಾ."

"ಮತ್ತೆ ಅದಕ್ಕೇನು ಕಾಲು ಬಂತಾ?"

ಅವನು ಊಟದ ಡಬ್ಬಿಯ ಮುಚ್ಚಳವನ್ನೂ ತೆಗೆದು ತೋರಿಸಿದ. ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು.

*

ಕಂಪ್ಯೂಟರ್ ಹಾಕಿ ಸೆಟ್ಟಿಂಗ್ಸ್ ನೋಡಿದಳು. ಮೆಮೊರಿಯ ಗಾತ್ರ ಮೊದಲಿನಷ್ಟೇ ಇತ್ತು. ವೇಗ ಮಾತ್ರ 3200ರಿಂದ 2400ಕ್ಕೆ ಬಿದ್ದಿತ್ತು. ಹಸಿರು ಪಟ್ಟಿಯ ಯೋಗ್ಯತೆ ಅಷ್ಟೇ. ಜೊತೆಗಿದ್ದ ಪಾಪದ ಕಪ್ಪು ಪಟ್ಟಿಯೂ ಅದರ ಹೆಜ್ಜೆಗೇ ಹೆಜ್ಜೆ ಹಾಕುತ್ತಿತ್ತು.

ಪಕ್ಕದ ಕೋಣೆಯಲ್ಲಿ ಯಜಮಾನರ ಭಾಮೈದ. ಹೆಸರಿಗೆ ಮ್ಯಾನೇಜರ್, ಮಾಡುವುದು ಕಂಪ್ಯೂಟರ್ ಗೇಮ್. ಅವನ ಗೊಣಗಾಟ ಗೋಡೆ ದಾಟಿ ಬಂತು.

"ಥೂ, ಏನು ಹಾಕಿದ್ರೂ ಇದು ಕುಂಟೋದು ಬಿಡಲ್ಲ."

ಎಡಿಟರ್ ಕಿವಿ ನೆಟ್ಟಗಾಯಿತು. ಏನು ಹಾಕಿದ್ರೂ? ಹಾಕಿದ್ದೇನು?

*

"ಇದರ ಮುಚ್ಚಳ ತೆಗೀರಿ," ಎಂದಳು, ಭಾಮೈದನ ಕಂಪ್ಯೂಟರ್ ತೋರಿಸಿ.

"ಭಾವಾ, ನೋಡಿ ಇವ್ರನ್ನ," ಎಂದು ಭಾಮೈದ ಕೂಗಿದ. ಯಜಮಾನರು ಬಂದರು. ಹಿಂದೆಯೇ ಟೆಕ್ನಿಶಿಯನ್. ಅವನೇ ಮುಚ್ಚಳ ತೆಗೆದ. ಒಳಗೆ ಒಂದು ಹಸಿರು, ಒಂದು ಕಪ್ಪು.

"ಕದ್ದೋನಿಗೆ ಗಾತ್ರ ಗೊತ್ತು, ವೇಗ ಗೊತ್ತಿಲ್ಲ," ಎಂದಳು ಎಡಿಟರ್. "ಬೆರಕೆ ಮಾಡಿದ್ರೆ ಎರಡೂ ನಿಧಾನ ಆಗುತ್ತೆ, ನಾನು ತಕ್ಷಣ ಹಿಡೀತೀನಿ ಅಂತ ಟೆಕ್ನಿಶಿಯನ್‌ಗೆ ಗೊತ್ತಿರೋದು. ಇಂಥ ಕೆಲಸ ಅವನು ಮಾಡಲ್ಲ. ಇನ್ನು ಈ ಹಳೇ ಬೋರ್ಡು 2400 ದಾಟೋದೇ ಇಲ್ಲ. ಎಷ್ಟು ಜೋರಿನ ರ್ಯಾಮ್ ಹಾಕಿದ್ರೂ ಅಷ್ಟೇ. ಕದ್ದಿದ್ದೂ ದಂಡ."

"ಸೈಜ್ ಒಂದೇ ಅಲ್ವಾ, ಯಾರಿಗೆ ಗೊತ್ತಾಗುತ್ತೆ ಅಂದ್ಕೊಂಡೆ," ಎಂದು ಭಾಮೈದ ತಲೆ ತುರಿಸಿಕೊಂಡ.

ಯಜಮಾನರು ಗಂಟಲು ಸರಿಮಾಡಿಕೊಂಡರು. "ಹೋಗ್ಲಿ, ಮನೆ ವಿಷಯ. ಇಲ್ಲಿಗೇ ಬಿಟ್ಬಿಡಿ."

ಅವಳಿಗೆ ಮೈಯೆಲ್ಲ ಉರಿಯಿತು. ಬೆಳಗಿನಿಂದ ಕಳ್ಳತನವಾಗಿದ್ದದ್ದು ಈಗ ಮನೆ ವಿಷಯ.

ಟೆಕ್ನಿಶಿಯನ್ ಕಪ್ಪು ಪಟ್ಟಿಯನ್ನು ತಂದು ಎಡಿಟರ್ ಕಂಪ್ಯೂಟರಿನಲ್ಲಿ ಅದರ ಜಾಗಕ್ಕೆ ಒತ್ತಿ ಕೂರಿಸಿದ. 3200. ಚಿತ್ರ ಸರಾಗವಾಗಿ ಓಡಿತು.

"ನಿನ್ನ ಕೆಲಸಕ್ಕೇನೂ ತೊಂದರೆಯಿಲ್ಲಪ್ಪ," ಎಂದರು ಯಜಮಾನರು.

ಅವನು ಸ್ಕ್ರೂಡ್ರೈವರನ್ನು ಬ್ಯಾಗಿಗೆ ಹಾಕಿಕೊಂಡ. ಬ್ಯಾಗನ್ನು ಎಡಿಟರ್ ಮೇಜಿನ ಮೇಲಿಟ್ಟು ಬಾಯಿ ಅಗಲಿಸಿ ಹಿಡಿದ.

"ನಾನು ಹೊರಡ್ತೀನಿ ಅಕ್ಕಾ. ಒಂದ್ಸಲ ನೋಡ್ಕೊಂಡ್ಬಿಡಿ."